ಎಡಗಡೆಯ ಬ್ರೇಕು

ಹಿಂದೂಪುರದ ಯಾವ ಸರ್ಕಲ್ಲಿನಲ್ಲಿ ನಿಂತು ಕಾರು ಓಡಿಸುವ ಹತ್ತು ಜನರನ್ನು ಹಿಡಿದು ಕೇಳಿದರೂ, ಅವರಲ್ಲಿ ಆರು ಜನ ಕೊಟ್ಟೂರಪ್ಪನವರ ಹತ್ತಿರ ಕಲಿತವರೇ ಆಗಿರುತ್ತಾರೆ. ಮೂವತ್ತು ವರ್ಷದಿಂದ ಅವರು ಡ್ರೈವಿಂಗ್ ಸ್ಕೂಲು ನಡೆಸುತ್ತಿದ್ದಾರೆ. ಬಟ್ಟೆ ಅಂಗಡಿಯ ಸಾಹುಕಾರರು, ಪರಿಗಿಯ ರೈತರು, ಹೈಸ್ಕೂಲಿನ ಟೀಚರಮ್ಮಗಳು, ಕೊಡಿಕೊಂಡ ಚೆಕ್‌ಪೋಸ್ಟಿನಲ್ಲಿ ಲಾರಿ ನಿಲ್ಲಿಸಿ ಟೀ ಕುಡಿಯುವ ಡ್ರೈವರುಗಳು, ಎಲ್ಲರೂ ಅವರ ಬೈಗುಳ ತಿಂದವರು. ಇಷ್ಟು ಜನಕ್ಕೆ ಕಲಿಸಿದ ಮಹಾನುಭಾವರು ಒಬ್ಬರಿಗೆ ಮಾತ್ರ ಕಲಿಸಿರಲಿಲ್ಲ. ಆ ಒಬ್ಬರು ಅವರ ಹೆಂಡತಿ ನಿರ್ಮಲಮ್ಮ.

ಕೇಳಿರಲಿಲ್ಲ ಅಂತಲ್ಲ. ಕೇಳಿದಾಗಲೆಲ್ಲ "ನಿಂಗ್ಯಾಕೆ ಕಣೇ, ನಾನಿಲ್ವಾ?" ಎಂದು ಮುಗಿಸುತ್ತಿದ್ದರು. ಮೊದಲ ಹತ್ತು ವರ್ಷ ಮಗಳು ಚಿಕ್ಕವಳು ಅಂದರು. ಆಮೇಲಿನ ಹತ್ತು ವರ್ಷ ರೋಡಿನಲ್ಲಿ ಟ್ರಾಫಿಕ್ಕು ಜಾಸ್ತಿ ಅಂದರು. ಈಗ ಮಂಡಿ ನೋವು ಅನ್ನುತ್ತಾರೆ. ಮಂಡಿ ನೋವಿರುವುದು ಅವರಿಗೆ, ನಿರ್ಮಲಮ್ಮನಿಗಲ್ಲ.

ಸ್ಕೂಲಿನ ಕಾರು ಒಂದು ಹಳೆಯ ಬಿಳಿ ಮಾರುತಿ. ಡ್ರೈವಿಂಗ್ ಸ್ಕೂಲಿನ ಎಲ್ಲ ಕಾರುಗಳ ಹಾಗೆ ಅದರಲ್ಲೂ ಎಡಗಡೆ, ಮೇಷ್ಟ್ರು ಕೂರುವ ಸೀಟಿನ ಕೆಳಗೆ, ಇನ್ನೊಂದು ಕ್ಲಚ್ಚು ಮತ್ತು ಇನ್ನೊಂದು ಬ್ರೇಕು ಇದ್ದವು. ಗಂಡ ಹೆಂಡತಿ ನೆಂಟರ ಮನೆಗೆ ಹೊರಟರೆ ಕೊಟ್ಟೂರಪ್ಪ ಬಲಗಡೆ, ನಿರ್ಮಲಮ್ಮ ಎಡಗಡೆ. ದೂರದಲ್ಲಿ ಒಂದು ಎಮ್ಮೆ ಕಂಡರೂ ಸಾಕು, ನಿರ್ಮಲಮ್ಮನ ಕಾಲು ತಾನಾಗಿಯೇ ಬ್ರೇಕು ಒತ್ತಿಬಿಡುತ್ತಿತ್ತು. ಕಾರು ಗಕ್ಕನೆ ನಿಲ್ಲುತ್ತಿತ್ತು, ಕೊಟ್ಟೂರಪ್ಪನವರ ಹಣೆ ಸ್ಟೀರಿಂಗಿಗೆ ತಾಗುತ್ತಿತ್ತು. ಇದನ್ನು ಅವರು ಹೋದ ಮನೆಯಲ್ಲೆಲ್ಲ ಅಭಿನಯ ಸಮೇತ ಹೇಳುತ್ತಿದ್ದರು.

"ನಮ್ಮ ಕಾರಿಗೆ ಮೂರು ಬ್ರೇಕು ಕಣ್ರಪ್ಪಾ. ಕಾಲಿಂದೊಂದು, ಕೈಯಿಂದೊಂದು, ಹೆಂಡ್ತಿದೊಂದು. ಮಡಕಶಿರಾದ ಹತ್ರ ಖಾಲಿ ರೋಡು, ಎದುರುಗಡೆ ನರಪಿಳ್ಳೆ ಇಲ್ಲ. ಇವ್ಳು ಒತ್ತೇಬುಟ್ಲು!"

ಕೇಳಿದವರು ಬಿದ್ದು ಬಿದ್ದು ನಗುತ್ತಿದ್ದರು. ನಿರ್ಮಲಮ್ಮನೂ ತುಟಿ ಅರಳಿಸುತ್ತಿದ್ದರು, ಹೊಟ್ಟೆಯೊಳಗೆ ಉರಿಯುತ್ತಿತ್ತು. ಮಡಕಶಿರಾದ ಹತ್ತಿರ ಆ ಮಧ್ಯಾಹ್ನ ನಿಜವಾಗಿ ಏನಾಗಿತ್ತು ಎಂದು ಅವರಿಗೊಬ್ಬರಿಗೇ ಗೊತ್ತಿತ್ತು. ಹೇಳಿರಲಿಲ್ಲ.

ಉರಿ ತಡೆಯಲಾರದೆ ಒಂದು ದಿನ ಅವರು ಎದುರು ಮನೆಯ ಕಾಲೇಜು ಹುಡುಗಿ ರಶ್ಮಿಯನ್ನು ಜೊತೆ ಮಾಡಿಕೊಂಡು ಹೋಗಿ, ಪರೀಕ್ಷೆ ಕೊಟ್ಟು, ಎಲ್‌ಎಲ್‌ಆರ್ ತೆಗೆದುಕೊಂಡು ಬಂದರು. ಕಲಿಯುವವರ ಆ ಲೈಸೆನ್ಸಿಗೆ ಆರು ತಿಂಗಳು ಆಯಸ್ಸು. ರಾಗಿ ಡಬ್ಬಿಯ ಅಡಿಯಲ್ಲಿ ಮಲಗಿಕೊಂಡೇ ಅದು ಐದು ತಿಂಗಳು ಕಳೆದಿತ್ತು. ಬೇರೆ ಸ್ಕೂಲಿಗೆ ಹೋಗಬಹುದಿತ್ತು. ಆದರೆ ಕೊಟ್ಟೂರಪ್ಪನ ಹೆಂಡತಿ ಇನ್ನೊಬ್ಬರ ಕಾರಿನಲ್ಲಿ ಕಲಿತಳು ಅಂದರೆ ಊರಿನಲ್ಲಿ ಗಂಡನ ಮರ್ಯಾದೆ ಮೂರಾಬಟ್ಟೆಯಾಗುತ್ತಿತ್ತು. ಗಂಡನ ಮೇಲೆ ಎಷ್ಟೇ ಕೋಪ ಬಂದರೂ ಅವರ ಮರ್ಯಾದೆ ಕಳೆಯಲು ನಿರ್ಮಲಮ್ಮನಿಗೆ ಮನಸ್ಸಿರಲಿಲ್ಲ. ಹಾಗಾಗಿ ಉಳಿದ ಒಂದು ತಿಂಗಳಲ್ಲಿ ಕೊಟ್ಟೂರಪ್ಪನವರೇ, ತಮ್ಮ ಕೈಯಾರೆ, ಸ್ಟೀರಿಂಗ್ ಕೊಡಬೇಕಾಗಿತ್ತು.

ಅಷ್ಟರಲ್ಲಿ ಕಲ್ಯಾಣದುರ್ಗದಿಂದ ಫೋನು ಬಂತು. ಮಾಡಿದವನು ನಿರ್ಮಲಮ್ಮನ ತಮ್ಮ, ಕಡಲೆಕಾಯಿ ವ್ಯಾಪಾರಿ ವಿಜಯಕುಮಾರ. ಹದಿನೆಂಟನೇ ವಯಸ್ಸಿನಲ್ಲಿ ಅವನು ಅಕ್ಕನ ಮನೆಯಲ್ಲಿದ್ದು ಕಾರು ಕಲಿಯಲು ಬಂದಿದ್ದ. "ನಿನ್ನ ಕ್ಲಚ್ಚು ಸರಿಯಿಲ್ಲ" ಎಂದು ಬಾವ ಅವನನ್ನು ನಾಲ್ಕು ತಿಂಗಳು ಫಸ್ಟ್ ಗೇರಿನಲ್ಲೇ ಇಟ್ಟರು. ಐದನೇ ತಿಂಗಳು ಅವನು ಬೆಳಗಿನ ಬಸ್ಸು ಹತ್ತಿ ಪರಾರಿಯಾಗಿ, ಬೇರೆ ಕಡೆ ಕಲಿತು ಲೈಸೆನ್ಸು ತೆಗೆದುಕೊಂಡ. ಇಪ್ಪತ್ತೈದು ವರ್ಷವಾದರೂ ಆ ಸಿಟ್ಟು ಇಳಿದಿರಲಿಲ್ಲ. ಈಗ ಅವನ ಹತ್ತಿರ ಒಂದು ಕೋಣೆಯಷ್ಟು ದೊಡ್ಡ ಕಪ್ಪು ಗಾಡಿ ಇತ್ತು.

"ಬಾವಾ, ನಮ್ಮೂರ ಹೊರಗೆ ಹೊಸ ಲೇಔಟ್ ಆಗೈತೆ. ಸೈಟು ಮಾರೋಕೆ ಜನ ಸೇರಿಸ್ಬೇಕಲ್ಲ, ಭಾನುವಾರ ಕಾರುಗಳ ಡ್ರ್ಯಾಗ್ ಪೋಟಿ ಇಟ್ಟವ್ರೆ. ಫ್ಯಾಮಿಲಿ ಕಾರುಗಳಿಗೆ, ಹೆಂಡ್ತಿನೂ ಪಕ್ಕದಾಗೆ ಕೂರ್ಬೋದು. ನೀನೂ ಬತ್ತೀಯಾ, ಇಲ್ಲ ಭಯಾನಾ?"

ಕೊಟ್ಟೂರಪ್ಪ ಮೀಸೆ ನೀವಿಕೊಂಡರು. ಡ್ರ್ಯಾಗ್ ಅಂದರೆ ಎಳೆಯುವುದು. ಇಷ್ಟು ಇಂಗ್ಲಿಷು ಅವರಿಗೆ ಗೊತ್ತಿತ್ತು. ಎತ್ತುಗಳಿಗೆ ದೊಡ್ಡ ಬಂಡೆ ಕಟ್ಟಿ ಎಳೆಸುವ ಪೋಟಿಯನ್ನು, ಅಂದರೆ ಪಂದ್ಯವನ್ನು, ಆ ಸೀಮೆಯಲ್ಲಿ ಎಲ್ಲರೂ ನೋಡಿ ಬೆಳೆದಿದ್ದಾರೆ. ತೆಲುಗಿನಲ್ಲಿ ಅದಕ್ಕೆ ಬಂಡ ಲಾಗುಡು ಎನ್ನುತ್ತಾರೆ. ಈಗ ಎತ್ತುಗಳು ಕಡಿಮೆಯಾಗಿ ಕಾರಿಗೇ ಬಂಡೆ ಕಟ್ಟುತ್ತಿದ್ದಾರೆ, ಕಾಲ ಬದಲಾಯಿತು ಎಂದುಕೊಂಡರು ಅವರು.

"ಎಳೆಯೋದ್ರಾಗೆ ನನ್ನ ಮೀರ್ಸೋನು ಇನ್ನೂ ಹುಟ್ಟಿಲ್ಲ ಕಣ್ಲಾ. ಫಸ್ಟ್ ಗೇರು ಅಂದ್ರೆ ಏನು ಅಂತ ನಿಂಗೆ ನಾಕು ತಿಂಗ್ಳು ತೋರ್ಸಿರ್ಲಿಲ್ವಾ?"

"ಹಂಗಾದ್ರೆ ಪಂದ್ಯ! ಸೋತೋನು ಕಾರಿಗೆ ಎಲ್ ಬೋರ್ಡ್ ಕಟ್ಕೊಂಡು, ಗೆದ್ದೋನ ಪಕ್ಕದಾಗೆ ಕೂತು, ಕಲ್ಯಾಣದುರ್ಗದ ಬಜಾರೆಲ್ಲ ಕಲಿಯೋರ ಥರ ಓಡಿಸ್ಬೇಕು. ಸರೇನಾ?"

"ಸರೇ!" ಎಂದು ತೆಲುಗಿನಲ್ಲೇ ಗುಡುಗಿ ಕೊಟ್ಟೂರಪ್ಪ ಫೋನಿಟ್ಟರು.

ಅವತ್ತೇ ಸಂಜೆ ಅವರು ಹಿತ್ತಲಿನ ಬಟ್ಟೆ ಒಗೆಯುವ ಕಲ್ಲನ್ನು ಕೀಳಿಸಿ, ಹಗ್ಗದಿಂದ ಮಾರುತಿಯ ಹಿಂದೆ ಕಟ್ಟಿ, ಸ್ಕೂಲಿನ ಮೈದಾನದಲ್ಲಿ ಎಳೆಸಿದರು. ಧೂಳು ಮುಗಿಲಿಗೇರಿತು. ಕಲಿಯಲು ಬಂದವರು ಕಾರಿನ ಹಿಂದೆ ಓಡುತ್ತ ಶಿಳ್ಳೆ ಹಾಕಿದರು. ನಿರ್ಮಲಮ್ಮ ಮೂರು ದಿನ ಬಚ್ಚಲ ನೆಲದ ಮೇಲೆ ಬಟ್ಟೆ ಒಗೆದರು.

ಎರಡನೇ ದಿನ ರಶ್ಮಿ ಬಂದು ನಗು ತಡೆಯಲಾರದೆ ಫೋನು ತೋರಿಸಿದಳು. "ಆಂಟಿ, ಡ್ರ್ಯಾಗ್ ರೇಸ್ ಅಂದ್ರೆ ಕಲ್ಲು ಎಳೆಯೋದಲ್ಲ. ಎರಡು ಕಾರು ಪಕ್ಕ ಪಕ್ಕ ನಿಲ್ಲಿಸ್ತಾರೆ. ನೆಟ್ಟಗೆ ನಾನೂರು ಮೀಟರ್, ಎಷ್ಟು ಜೋರಾಗಿ ಆಗ್ತದೋ ಅಷ್ಟು ಜೋರಾಗಿ ಹೋಗೋದು. ಅಂಕಲ್‌ಗೆ ಹೇಳ್ಬಿಡಿ."

ನಿರ್ಮಲಮ್ಮ ಕಿಟಕಿಯಿಂದ ಮೈದಾನದ ಕಡೆ ನೋಡಿದರು. ಹೇಳಿದರೆ ಗಂಡ ಆ ಕ್ಷಣವೇ ಪಂದ್ಯ ಬಿಟ್ಟುಬಿಡುತ್ತಾರೆ. ಅರವತ್ತರ ಮೇಲೆ ಸ್ಪೀಡಿನ ಮುಳ್ಳು ಹೋಗುವುದನ್ನು ಆ ಕಾರು ಕಂಡೇ ಇರಲಿಲ್ಲ. ಎಲ್ ಬೋರ್ಡು, ಬಜಾರು, ಪಕ್ಕದಲ್ಲೊಬ್ಬ ಮೇಷ್ಟ್ರು, ಇದೆಲ್ಲ ಇಷ್ಟು ಹತ್ತಿರ ಬಂದು ಕೈ ತಪ್ಪುವುದು ಅವರಿಗೆ ಬೇಕಿರಲಿಲ್ಲ.

"ಹೇಳ್ಬ್ಯಾಡ ಕಣಮ್ಮ," ಎಂದರು. "ಹೊಸಬ್ರು ಏನೇನು ಮಾಡ್ಬೇಕು ಅಂತ ಅದ್ರಾಗೆ ಬರ್ದೈತಾ? ಓದು."

ರಶ್ಮಿ ಅಡುಗೆಮನೆಯ ಕಟ್ಟೆ ಮೇಲೆ ಕೂತು ಓದಿದಳು. ಕಂಪನಿಯಿಂದ ಬಂದ ಮಾಮೂಲಿ ಟೈರಿನ ಕಾರಾದರೆ ಶುರುವಿನಲ್ಲಿ ಸುರಿದಿರುವ ನೀರಿಗೆ ಇಳಿಯಬಾರದು. ರೇಸಿನವರ ಟೈರು ನುಣ್ಣಗಿರುತ್ತದೆ, ಅವರು ಒದ್ದೆ ಮಾಡಿ ಗಿರಗಿರ ತಿರುಗಿಸಿ ಬಿಸಿ ಮಾಡಿಕೊಳ್ಳುತ್ತಾರೆ. ನಮ್ಮ ಟೈರಿನ ಗೀರುಗಳಲ್ಲಿ ನೀರು ಸೇರಿಕೊಂಡು ಬಂದು ಹೊರಡುವ ಗೆರೆಯ ಮೇಲೇ ಜಾರುತ್ತದೆ, ಆದ್ದರಿಂದ ಬಳಸಿಕೊಂಡು ಹೋಗಬೇಕು. ಡಿಕ್ಕಿ ಖಾಲಿ ಮಾಡಬೇಕು. ಎಳೆಯುವ ಚಕ್ರಗಳ ಗಾಳಿ ಒಂದೆರಡು ಪಾಯಿಂಟ್ ಇಳಿಸಬೇಕು, ಅದಕ್ಕಿಂತ ಜಾಸ್ತಿ ಬೇಡ. ಏಸಿ ಆಫ್ ಮಾಡಬೇಕು. (ಮಾರುತಿಯ ಏಸಿ ತನಗೆ ತಾನೇ ಆಫ್ ಆಗಿ ಒಂಬತ್ತು ವರ್ಷವಾಗಿತ್ತು.) ಹೊರಡುವಾಗ ಆಕ್ಸಿಲರೇಟರ್ ಮೇಲೆ ಹತ್ತಿ ನಿಂತರೆ ಚಕ್ರ ಸುತ್ತುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಕ್ಲಚ್ಚು ಮೆಲ್ಲಗೆ ಬಿಟ್ಟು, ಹಿಡಿತ ಸಿಕ್ಕ ಮೇಲೆ ಒತ್ತಬೇಕು. ಪಕ್ಕದ ಕಾರಿನ ಕಡೆ ನೋಡಬಾರದು. ಗೆರೆ ದಾಟಿದ ಮೇಲೆ ಗಕ್ಕನೆ ಬ್ರೇಕು ಹಿಡಿಯಬಾರದು.

ಬ್ರೇಕಿನ ಮಾತು ಬಂದಾಗ ರಶ್ಮಿ ಒಂದು ಕ್ಷಣ ನಿಲ್ಲಿಸಿ ನಿರ್ಮಲಮ್ಮನ ಕಾಲು ನೋಡಿದಳು. ನಿರ್ಮಲಮ್ಮ ಸೀರೆ ಎಳೆದು ಕಾಲು ಮುಚ್ಚಿಕೊಂಡರು.

ಭಾನುವಾರ ನಸುಕಿಗೆ ಹೊರಟರು. ಡಿಕ್ಕಿಯಲ್ಲಿ ಹಗ್ಗವೊಂದೇ ಇತ್ತು. ಸ್ಟೆಪ್ನಿ, ಜಾಕಿ, ಎರಡು ಮೂಟೆ ಹಳೆ ಫೈಲುಗಳನ್ನೆಲ್ಲ ನಿರ್ಮಲಮ್ಮ ಹಿಂದಿನ ದಿನವೇ "ಗುಡಿಸ್ಬೇಕು" ಎಂಬ ನೆಪ ಹೇಳಿ ಇಳಿಸಿದ್ದರು. ಮಡಕಶಿರಾ, ಪಾವಗಡ ದಾಟಿ, ನಲವತ್ತೈದರ ವೇಗದಲ್ಲಿ, ತಿರುವಿಗೊಂದು ಹಾರನ್ನು ಹೊಡೆಯುತ್ತ ಕೊಟ್ಟೂರಪ್ಪ ಹಾಡು ಗುನುಗುತ್ತಿದ್ದರು. ಒಳ್ಳೆಯ ಸಮಯ ನೋಡಿ ನಿರ್ಮಲಮ್ಮ ಮಾತು ತೆಗೆದರು.

"ರೀ, ಇವತ್ತು ನನ್ನಿಂದ ಗೆದ್ರೆ, ಬಜಾರ್‌ನಾಗೆ ಸ್ಟೀರಿಂಗು ನನ್ ಕೈಗೆ ಕೊಡ್ತೀರಾ?"

"ನಿನ್ನಿಂದ ಗೆಲ್ಲೋದಾ?" ಕೊಟ್ಟೂರಪ್ಪ ಎಷ್ಟು ನಕ್ಕರೆಂದರೆ ಕಾರು ಸ್ವಲ್ಪ ವಾಲಿತು. "ನೀನು ಬ್ರೇಕ್ ಒತ್ತದೆ ಕೂತ್ರೆ ಅದೇ ನಂಗೆ ಗೆಲುವು. ಆಯ್ತು, ಕೊಡ್ತೀನಿ."

"ಲಿಂಗ ಮುಟ್ಟಿ ಹೇಳಿ."

ನಗುತ್ತಲೇ ಅವರು ಎದೆಯ ಮೇಲಿನ ಲಿಂಗ ಮುಟ್ಟಿದರು. "ನೀನೂ ಹೇಳು. ಪೋಟಿ ಮುಗಿಯೋಗಂಟ ಆ ಕಡೆ ಬ್ರೇಕಿಗೆ ಕಾಲು ಇಡಕಿಲ್ಲ ಅಂತ."

ನಿರ್ಮಲಮ್ಮನೂ ಮುಟ್ಟಿ ಹೇಳಿದರು. ಹೇಳಿ, ಎರಡೂ ಕಾಲು ಸೀಟಿನ ಮೇಲೆ ಎತ್ತಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು.

ಲೇಔಟಿನಲ್ಲಿ ಬಣ್ಣದ ಬಾವುಟಗಳು, ಸೈಟಿನ ನಂಬರು ಬರೆದ ಕಲ್ಲುಗಳು, ಒಂದು ಶಾಮಿಯಾನ, ಅದರೊಳಗೆ ವೇದಿಕೆ. ನಡುವೆ ಹೊಸ ಡಾಂಬರು ರಸ್ತೆ ನೆಟ್ಟಗೆ ಮಲಗಿತ್ತು. ದೂರದ ಗುಡ್ಡದ ಮೇಲೆ ಗಾಳಿ ಯಂತ್ರಗಳು ರೆಕ್ಕೆ ಅಲ್ಲಾಡಿಸದೆ ನಿಂತಿದ್ದವು. ಕೊಟ್ಟೂರಪ್ಪ ಇಳಿದವರೇ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ವೇಳೆ ಅಳೆಯುವ ಮಿಷನ್ನುಗಳನ್ನು ಜೋಡಿಸುತ್ತಿದ್ದ ಅರುಣ್ ಕುಮಾರನ ಹತ್ತಿರ ಹೋದರು. ಅನಂತಪುರದಿಂದ ಬಂದಿದ್ದ ಆ ಯುವಕನೇ ಅವತ್ತಿನ ಪೋಟಿಯ ಉಸ್ತುವಾರಿ.

"ಬಂಡೆ ಎಲ್ಲೈತಪ್ಪಾ?"

"ಯಾವ ಬಂಡೆ ಸಾರ್?"

"ಎಳೆಯೋ ಬಂಡೆ ಕಣಪ್ಪ!"

ಹಿಂದಿನಿಂದ ವಿಜಯಕುಮಾರ ನಕ್ಕ ನಗು ಆ ಲೇಔಟಿನ ಕೊನೆಯ ಸೈಟಿಗೂ ಕೇಳಿಸಿರಬೇಕು. "ಬಾವ ಬಂಡ ಲಾಗುಡು ಅನ್ಕೊಂಡು ಬಂದ್ಬುಟ್ಟವ್ನೆ!" ಎಂದು ಕಂಡಕಂಡವರಿಗೆಲ್ಲ ಕೂಗಿ ಹೇಳಿದ. ತನ್ನ ಗಾಡಿಯಿಂದ ಆಗಲೇ ಬರೆಸಿಟ್ಟಿದ್ದ ಎಲ್ ಬೋರ್ಡು ತೆಗೆದು ತೋರಿಸಿದ. ಅದಕ್ಕೆ ಚೆಂಡುಹೂವಿನ ಹಾರವನ್ನೂ ಹಾಕಿದ್ದ.

ಅರುಣ್ ಕುಮಾರ್ ನಿಜ ಸಂಗತಿ ತಿಳಿಸಿದಾಗ ಕೊಟ್ಟೂರಪ್ಪನವರ ಮುಖ ಸಣ್ಣಗಾಯಿತು. ಹಗ್ಗ ಹೆಗಲಿನಿಂದ ಜಾರಿತು. ನಿರ್ಮಲಮ್ಮನಿಗೆ ಅಯ್ಯೋ ಅನಿಸಿತು. ತಾನು ಮೂರು ದಿನ ಬಾಯಿ ಮುಚ್ಚಿಕೊಂಡಿದ್ದು ತಪ್ಪಾಯಿತೇನೋ ಎಂದುಕೊಂಡರು.

"ಹೋಗನ ನಡಿ," ಎಂದರು ಕೊಟ್ಟೂರಪ್ಪ ಮೆಲ್ಲಗೆ. "ಮೂವತ್ತು ವರ್ಷ ನಿಧಾನ ನಿಧಾನ ಅಂತ ಹೇಳ್ಕೊಟ್ಟೋನು ನಾನು. ಇದು ನಮ್ಮ ಕೆಲ್ಸ ಅಲ್ಲ."

"ಯಾಕೆ ಹೆದರ್ತೀರಾ? ನಾನಿಲ್ವಾ?" ಎಂದರು ನಿರ್ಮಲಮ್ಮ. ಮೂವತ್ತು ವರ್ಷ ಕೇಳಿದ ಮಾತನ್ನು ತಿರುಗಿಸಿ ಹೇಳಿದ್ದರಲ್ಲಿ ಅವರಿಗೆ ಸ್ವಲ್ಪ ಖುಷಿಯೂ ಆಯಿತು. "ಆಯಪ್ಪ ಏನೋ ರೂಲ್ಸು ಹೇಳ್ತೈತೆ, ಕೇಳಿ."

ಅರುಣ್ ಕುಮಾರ್ ಹೇಳಿದ: "ಅಮ್ಮಾ, ಇವತ್ತಿಂದು ಯಾರ ಕಾರು ಫಾಸ್ಟು ಅನ್ನೋ ಪೋಟಿ ಅಲ್ಲ. ಯಾರಿಗೆ ತಮ್ಮ ಕಾರು ಚೆನ್ನಾಗಿ ಗೊತ್ತು ಅನ್ನೋದು. ಮೊದ್ಲು ಮೂರು ಸಲ ಓಡಿಸಿ ನೋಡ್ತೀರಾ. ಆಮೇಲೆ, ನಮ್ಮ ಕಾರು ಇಷ್ಟು ಸೆಕೆಂಡ್ ತಗೊಳ್ತದೆ ಅಂತ ನೀವೇ ಗ್ಲಾಸ್ ಮೇಲೆ ಬರೀಬೇಕು. ಎರಡು ಕಾರಿಗೂ ಎಷ್ಟು ಸೆಕೆಂಡ್ ವ್ಯತ್ಯಾಸವೋ, ನಿಧಾನದ ಕಾರನ್ನ ಅಷ್ಟು ಸೆಕೆಂಡ್ ಮುಂಚೆ ಬಿಡ್ತೀವಿ. ಮೊದ್ಲು ಗೆರೆ ದಾಟಿದೋರು ಗೆದ್ದಂಗೆ. ಆದ್ರೆ ಬರೆದಿದ್ದಕ್ಕಿಂತ ಬೇಗ ಬಂದ್ಬುಟ್ರೆ ಔಟು. ಸುಳ್ಳು ಬರೆದಂಗೆ ಲೆಕ್ಕ. ಇಬ್ರೂ ಬೇಗ ಬಂದ್ರೆ, ಯಾರದು ಕಮ್ಮಿ ಸುಳ್ಳೋ ಅವ್ರು ಗೆದ್ದಂಗೆ."

ನಿರ್ಮಲಮ್ಮ ಇದನ್ನು ಎರಡು ಸಲ ಕೇಳಿ ತಿಳಿದುಕೊಂಡರು. ವಿಜಯಕುಮಾರ ಒಂದು ಸಲವೂ ಸರಿಯಾಗಿ ಕೇಳಲಿಲ್ಲ, ಫೋಟೋ ತೆಗೆಸಿಕೊಳ್ಳುತ್ತಿದ್ದ.

ಮೊದಲ ಓಟ ದೊಡ್ಡ ಪ್ರಹಸನವಾಯಿತು. "ಸ್ಟೇಜ್ ಮಾಡಿ ಸಾರ್" ಎಂದು ಅರುಣ್ ಕುಮಾರ್ ಕೂಗಿದರೆ ಕೊಟ್ಟೂರಪ್ಪ ಕಾರಿನಿಂದಿಳಿದು, ತಲೆ ಬಾಚಿಕೊಂಡು, ಶಾಮಿಯಾನದ ವೇದಿಕೆಯ ಕಡೆ ನಡೆದರು. ಸ್ಟೇಜ್ ಅಂದರೆ ಚಕ್ರವನ್ನು ಗೆರೆಗೆ ಸರಿಯಾಗಿ ತಂದು ನಿಲ್ಲಿಸುವುದು ಎಂದು ಹೇಳಿ ಕರೆತರಬೇಕಾಯಿತು. "ಆ ಕಂಬದಲ್ಲಿ ಹಸಿರು ದೀಪ ಬೀಳೋಗಂಟ ಕಾಯ್ಬೇಡಿ, ಕೊನೇ ಹಳದಿ ದೀಪ ಬಿದ್ದ ತಕ್ಷಣ ಬಿಡಿ" ಅಂದಾಗ ಅವರು ಕೆರಳಿದರು. "ಹಳದಿ ಬಿದ್ರೆ ನಿಲ್ಸು ಅಂತ ಮೂವತ್ತು ವರ್ಷ ಹೇಳ್ಕೊಟ್ಟಿದೀನಿ ಕಣಪ್ಪ!" ಆಮೇಲೆ ಹೇಗೋ ಒಪ್ಪಿ, ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಬಲಗೈ ಹೊರಗೆ ಚಾಚಿ ಹೊರಡುವ ಸನ್ನೆ ತೋರಿಸಿ, ಕ್ಲಚ್ಚು ಬೆಣ್ಣೆಯಷ್ಟು ಮೃದುವಾಗಿ ಬಿಟ್ಟರು.

ಪಕ್ಕದ ಸೀಟಿನಲ್ಲಿ ಕಾಲು ಮಡಚಿ ಕೂತಿದ್ದ ನಿರ್ಮಲಮ್ಮನಿಗೆ ಜೀವ ಬಾಯಿಗೆ ಬಂತು. ಮುಳ್ಳು ಅರವತ್ತು ದಾಟಿತು, ಎಂಬತ್ತು ದಾಟಿತು. ಕಾಲು ಬ್ರೇಕಿಗೆ ಹಾತೊರೆಯಿತು. ಎರಡೂ ಕೈಯಿಂದ ಕಾಲು ಹಿಡಿದುಕೊಂಡು, ಅವರು ‘ಓಂ ನಮಃ ಶಿವಾಯ’ ಹೇಳತೊಡಗಿದರು. ದಿನಾ ಬೆಳಿಗ್ಗೆ ಲಿಂಗಪೂಜೆಯಲ್ಲಿ ನೂರೆಂಟು ಸಲ ಎಣಿಸಿ ಹೇಳುವುದು ಅವರ ನಲವತ್ತು ವರ್ಷದ ರೂಢಿ. ಒಲೆಯ ಮೇಲೆ ಹಾಲು ಉಕ್ಕಿದರೂ ಆ ನಾಮದ ಓಟ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಗೆರೆ ದಾಟಿದಾಗ ಇಪ್ಪತ್ತೊಂದೂವರೆ ನಾಮವಾಗಿತ್ತು. ಮಿಷನ್ನಿನ ಚೀಟಿ ನೋಡಿದರೆ ಇಪ್ಪತ್ತೊಂದು ಪಾಯಿಂಟ್ ಐದು ಎಂಟು ಸೆಕೆಂಡು.

ಎರಡನೇ ಸಲ ಇಪ್ಪತ್ತೊಂದು ಪಾಯಿಂಟ್ ಐದು ಐದು. ಮೂರನೇ ಸಲ ಇಪ್ಪತ್ತೊಂದು ಪಾಯಿಂಟ್ ಆರು ಒಂದು. ಮೂರು ಸಲವೂ ಇಪ್ಪತ್ತೊಂದೂವರೆ ನಾಮ.

ಅರುಣ್ ಕುಮಾರ್ ಚೀಟಿಗಳನ್ನು ಪಕ್ಕ ಪಕ್ಕ ಹಿಡಿದು ಬೆರಗಾದ. "ಸಾರ್, ಇಷ್ಟು ಒಂದೇ ಸಮ ಓಡಿಸೋರನ್ನ ನಾನು ನೋಡೇ ಇಲ್ಲ!"

ಕೊಟ್ಟೂರಪ್ಪನವರಿಗೆ ಹೋಗಿದ್ದ ಮುಖ ವಾಪಸು ಬಂತು. ನಿರ್ಮಲಮ್ಮನಿಗೂ ಹೆಮ್ಮೆಯಾಯಿತು. ಗಂಡನ ಕೈಯಲ್ಲಿ ವಿದ್ಯೆ ಇದೆ, ಅದನ್ನು ಹಂಚಿಕೊಳ್ಳುವ ಬುದ್ಧಿಯಷ್ಟೇ ಇಲ್ಲ ಎಂದು ಅವರ ಅಭಿಪ್ರಾಯ. ನಾಮದ ಲೆಕ್ಕದಲ್ಲೇ ಅವರು ಗಾಜಿನ ಮೇಲೆ ಸುಣ್ಣದಲ್ಲಿ 21.50 ಎಂದು ಬರೆದರು.

ವಿಜಯಕುಮಾರ ಮೂರು ಓಟದಲ್ಲೂ ನೀರಿಗೇ ಇಳಿದ. ಚಕ್ರ ಗಿರಗಿರ ತಿರುಗಿಸಿ, ಹೊಗೆ ಎಬ್ಬಿಸಿ, ಜನರಿಂದ ಕೇಕೆ ಹಾಕಿಸಿಕೊಂಡ. ಪ್ರತಿ ಸಲವೂ ಹೊರಡುವ ಗೆರೆಯ ಮೇಲೆ ಗಾಡಿ ಒಂದು ಗಳಿಗೆ ಜಾರಿ, ಆಮೇಲೆ ಓಡಿತು. ಚೀಟಿಯಲ್ಲಿ ಬಂದ ಪ್ರಕಾರ ಗಾಜಿನ ಮೇಲೆ 17.80 ಎಂದು ಬರೆದುಕೊಂಡ.

ಬರೆದು ಮುಗಿದ ಮೇಲೆ, ಸುಣ್ಣ ಒಣಗಿದ್ದನ್ನು ನೋಡಿಕೊಂಡು, ನಿರ್ಮಲಮ್ಮ ತಮ್ಮನ ಗಾಡಿಯ ಹತ್ತಿರ ಹೋದರು. ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದರು.

"ವಿಜೀ, ಆ ನೀರಿನ ತಾವ ಹೋಗ್ಬ್ಯಾಡ ಕಣೋ. ನಿನ್ನ ಟೈರು ಮಾಮೂಲಿ ಟೈರು, ಜಾರ್ತೈತೆ. ಪಕ್ಕದಿಂದ ಬಳಸ್ಕಂಡು ಬಾ. ಏನಾರ ಆದ್ರೆ ಅಂತ ನನ್ ಜೀವ ಹೊಡ್ಕಂತೈತೆ."

"ನೀನು ಹೇಳ್ದಂಗೇ ಆಗ್ಲಿ ಅಕ್ಕಾ," ಎಂದ ತಮ್ಮ, ಕಣ್ಣು ತುಂಬಿಕೊಂಡು. ಒಡಹುಟ್ಟಿದ ಅಕ್ಕ ತಮ್ಮನಿಗೆ ಒಳ್ಳೆಯ ಮಾತು ಹೇಳಿದರೆ ಅದರಲ್ಲಿ ಯಾರೂ ತಪ್ಪು ಹುಡುಕುವ ಹಾಗಿಲ್ಲ.

ಹನ್ನೊಂದು ಗಂಟೆಗೆ ಎರಡೂ ಕಾರು ಗೆರೆಗೆ ಬಂದವು. ನಿರ್ಮಲಮ್ಮ ಕಾಲು ಮಡಚಿ ಕೂತು, ಮುಂದೆ ನೋಡಿದರು. ಗುಡ್ಡದ ಮೇಲಿನ ಗಾಳಿ ಯಂತ್ರಗಳ ರೆಕ್ಕೆ ತಿರುಗುತ್ತಿದ್ದವು. ಬೆಳಿಗ್ಗೆ ಸುಮ್ಮನೆ ನಿಂತಿದ್ದವು ಈಗ ಜೋರಾಗಿಯೇ ತಿರುಗುತ್ತಿದ್ದವು. ಲೇಔಟಿನ ಬಾವುಟಗಳೆಲ್ಲ ಮುಂದಕ್ಕೆ ಚಾಚಿ ಪಟಪಟ ಹೊಡೆದುಕೊಳ್ಳುತ್ತಿದ್ದವು. ಅಂದರೆ ಗಾಳಿ ಬೆನ್ನಿಗಿದೆ.

"ರೀ, ಗಾಳಿ," ಎನ್ನುವಷ್ಟರಲ್ಲಿ ಕೊನೆಯ ಹಳದಿ ಬಿತ್ತು.

ಕೊಟ್ಟೂರಪ್ಪ ಕನ್ನಡಿ ನೋಡಲಿಲ್ಲ. ಇಂಡಿಕೇಟರ್ ಹಾಕಲಿಲ್ಲ. ಕೈ ಹೊರಗೆ ಚಾಚಲಿಲ್ಲ. ಮಾರುತಿ ಛಂಗನೆ ಹಾರಿತು. ಒಂದು, ಎರಡು, ಮೂರು ಎಂದು ನಿರ್ಮಲಮ್ಮನ ನಾಮ ಶುರುವಾಯಿತು. ನಾಲ್ಕನೆಯದಕ್ಕೆ ಹಿಂದೆ ತಮ್ಮನ ಗಾಡಿ ಗರ್ಜಿಸಿದ್ದು ಕೇಳಿಸಿತು. ನೀರು ಬಳಸಿಕೊಂಡು ಬಂದಿದ್ದರಿಂದ ಈ ಸಲ ಅದು ಜಾರಲಿಲ್ಲ. ಹನ್ನೆರಡಾಯಿತು. ಗಾಳಿ ಹಿಂದಿನಿಂದ ನೂಕುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ, ಮೂವತ್ತು ವರ್ಷ ಹಿಂದೂಪುರಕ್ಕೆಲ್ಲ ನಿಧಾನ ಕಲಿಸಿದ ಮನುಷ್ಯ ಹಲ್ಲು ಕಿರಿದು, ಸ್ಟೀರಿಂಗಿನ ಮೇಲೆ ಬಾಗಿ, "ಹೋಗ್ಲಿ! ಹೋಗ್ಲಿ!" ಎಂದು ಚೀರುತ್ತಿದ್ದರು. ಗಾಜಿನ ಮೇಲೆ ಬರೆದದ್ದು ಅವರಿಗೆ ಪೂರ್ತಿ ಮರೆತುಹೋಗಿತ್ತು.

ಹದಿನೆಂಟು. ಹತ್ತೊಂಬತ್ತು. ಕೊನೆಯ ಗೆರೆಯ ಪಕ್ಕದ ಕಂಬಗಳು ಕಣ್ಣೆದುರಿಗೇ ಬಂದುಬಿಟ್ಟವು. ಇನ್ನೂ ಎರಡೂವರೆ ನಾಮ ಬಾಕಿ ಇತ್ತು.

ಲಿಂಗ ಮುಟ್ಟಿ ಆಡಿದ ಮಾತು ಒಂದು ಕಡೆ, ರಾಗಿ ಡಬ್ಬಿಯ ಅಡಿಯ ಕಾಗದ ಒಂದು ಕಡೆ. ಯೋಚಿಸಲು ಪುರುಸೊತ್ತಿರಲಿಲ್ಲ. ‘ಶಿವನೇ, ತಪ್ಪಾಯ್ತು’ ಎಂದುಕೊಂಡು ನಿರ್ಮಲಮ್ಮ ಮಡಚಿದ ಕಾಲು ಇಳಿಬಿಟ್ಟು ಬ್ರೇಕು ಒತ್ತಿದರು. ಗಟ್ಟಿಯಾಗಿಯೇ ಒತ್ತಿದರು.

ಮಾರುತಿ ಮುಗ್ಗರಿಸಿತು. ಕೊಟ್ಟೂರಪ್ಪ ಸೀಟಿನಿಂದ ಮುಂದೆ ಬಂದರು. ಕಪ್ಪು ಗಾಡಿ ಹುಯ್ಯೆಂದು ಪಕ್ಕದಲ್ಲೇ ಮುಂದೆ ಹೋಗಿ, ಮೊದಲು ಗೆರೆ ದಾಟಿತು.

"ಒತ್ತಬ್ಯಾಡ ಅಂದಿರ್ಲಿಲ್ವೇನೇ!" ಕಾರು ನಿಂತ ಮೇಲೆ ಕೊಟ್ಟೂರಪ್ಪ ಕೂಗಾಡಿದರು. "ಆಣೆ ಮಾಡಿದ್ಯಲ್ಲೇ! ಗೆಲ್ತಾ ಇದ್ದೆ ಕಣೇ ನಾನು! ಮಡಕಶಿರಾದಾಗೆ ಮಾಡಿದ್ದೇ ಇಲ್ಲೂ ಮಾಡ್ಬುಟ್ಯಲ್ಲೇ!"

ಲೆಕ್ಕ ತಪ್ಪಿದ್ದರೆ ಏನು ಗತಿ ಎಂದು ನಿರ್ಮಲಮ್ಮ ಕತ್ತು ಹೊರಳಿಸಿ ಅರುಣ್ ಕುಮಾರನ ಕಡೆಯೇ ನೋಡುತ್ತಿದ್ದರು. ಅತ್ತ ವಿಜಯಕುಮಾರ ಎಲ್ ಬೋರ್ಡು ತಲೆಯ ಮೇಲೆ ಹೊತ್ತು ಕುಣಿಯುತ್ತಿದ್ದ. ಅಷ್ಟರಲ್ಲಿ ಅರುಣ್ ಕುಮಾರನ ಮೈಕು ಕೂಗಿತು.

"ಕಪ್ಪು ಗಾಡಿ ಬರೆದಿದ್ದು ಹದಿನೇಳು ಪಾಯಿಂಟ್ ಎಂಟು ಸೊನ್ನೆ, ಓಡಿದ್ದು ಹದಿನೇಳು ಪಾಯಿಂಟ್ ಐದು ಎರಡು. ಔಟು! ಬಿಳಿ ಮಾರುತಿ ಬರೆದಿದ್ದು ಇಪ್ಪತ್ತೊಂದು ಪಾಯಿಂಟ್ ಐದು ಸೊನ್ನೆ, ಓಡಿದ್ದು ಇಪ್ಪತ್ತೊಂದು ಪಾಯಿಂಟ್ ಐದು ಮೂರು. ಮಾರುತಿ ಗೆದ್ದೈತೆ! ಕೊನೇಲಿ ಬ್ರೇಕ್ ಲೈಟ್ ಬಿದ್ದಿದ್ದು ನೋಡಿದ್ರಲ್ಲ, ಆ ಬ್ರೇಕ್ ಹಿಡೀದಿದ್ರೆ ಇವರೂ ಔಟು, ಇವರದೇ ದೊಡ್ಡ ಸುಳ್ಳಾಗಿರೋದು!"

ಜನ ಹೋ ಎಂದರು. ಕೊಟ್ಟೂರಪ್ಪ ಬಾಯಿ ತೆರೆದು ಹೆಂಡತಿಯನ್ನು ನೋಡಿದರು. ಏನೋ ಹೇಳಲು ಹೊರಟರು. ಹೇಳುವ ಮೊದಲೇ ನಾಲ್ಕು ಜನ ಬಂದು ಅವರನ್ನು ಎತ್ತಿಕೊಂಡು ಹೋಗಿ ವೇದಿಕೆ ಹತ್ತಿಸಿ, ಶಾಲು ಹೊದಿಸಿ, ಮೈಕು ಕೊಟ್ಟರು. ಮೈಕು ಕೈಗೆ ಬಂದರೆ ಗಂಡಸಿನ ಬುದ್ಧಿ ಎಲ್ಲಿಗೆ ಹೋಗುತ್ತದೋ.

"ಮೂವತ್ತು ವರ್ಷದ ಅನುಭವ ಕಣ್ರಪ್ಪಾ," ಎಂದು ಶುರು ಮಾಡಿದರು ಕೊಟ್ಟೂರಪ್ಪ. "ಯಾವಾಗ ಆಕ್ಸಿಲರೇಟ್ರು, ಯಾವಾಗ ಬ್ರೇಕು ಅನ್ನೋದು ಕಾಲಿಗೇ ಗೊತ್ತಾಗ್ಬೇಕು..."

ಕೆಳಗೆ ನಿಂತಿದ್ದ ನಿರ್ಮಲಮ್ಮನಿಗೆ ಕಣ್ಣು ಹನಿಗೂಡಿತು. ಬೈದಾಗ ಬರದ ಅಳು ಈಗ ಬಂತು. ಯಾರ ಕಾಲಿಗೆ ಗೊತ್ತಾಗಿತ್ತು ಎನ್ನುವುದು ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿದ್ದೂ ಹೀಗೆ ಹೇಳಿದ್ದರಿಂದ ಅವರಿಗೆ ಬಹಳ ನೋವಾಯಿತು. ಒಂದು ಕ್ಷಣ ನಿಂತು ಮೂಗು ಒರೆಸಿಕೊಂಡರು. ಆಮೇಲೆ ಬಿರಬಿರನೆ ನಡೆದು ಹೋಗಿ, ತಮ್ಮನ ಕೈಯಿಂದ ಎಲ್ ಬೋರ್ಡು ಕಿತ್ತುಕೊಂಡು ಮಾರುತಿಯ ಮುಂದೆ ಕಟ್ಟಿ, ಬಲಗಡೆಯ ಬಾಗಿಲು ತೆರೆದು ಸ್ಟೀರಿಂಗಿನ ಹಿಂದೆ ಕೂತರು. ಹಾರನ್ನಿನ ಮೇಲೆ ಅಂಗೈ ಇಟ್ಟು ಒತ್ತಿದರು. ಒತ್ತಿದ ಕೈ ಎತ್ತಲೇ ಇಲ್ಲ.

ವೇದಿಕೆಯ ಮೇಲೆ ಭಾಷಣ ನಿಂತಿತು. ತಮ್ಮ ಕಾರಿನ ಹಾರನ್ನು ಕೊಟ್ಟೂರಪ್ಪನವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಶಾಲು ಹೊದ್ದುಕೊಂಡೇ ಓಡಿ ಬಂದರು.

"ಏನೇ ಇದು? ಲೈಸೆನ್ಸಿಲ್ದೆ ಅಲ್ಲಿ ಕೂತ್ಕಂಡಿದೀಯ?"

ನಿರ್ಮಲಮ್ಮ ಚೀಲದಿಂದ ಎಲ್‌ಎಲ್‌ಆರ್ ತೆಗೆದು ಕೊಟ್ಟರು. ರಾಗಿ ಹಿಟ್ಟು ಅಂಟಿಕೊಂಡಿದ್ದ ಆ ಕಾಗದವನ್ನು ಕೊಟ್ಟೂರಪ್ಪ ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನನ್ನಿಂದ ಗೆದ್ರೆ ಅಂತ ಲಿಂಗ ಮುಟ್ಟಿದ್ರಿ."

"ನೀನು ಆಣೆ ಮುರಿದ್ಯಲ್ಲ," ಎಂದರು ಕೊಟ್ಟೂರಪ್ಪ. ಆದರೆ ದನಿಯಲ್ಲಿ ಜೋರಿರಲಿಲ್ಲ.

"ಮುರಿದೆ. ಶಿವನಿಗೆ ತಪ್ಪುಕಾಣಿಕೆ ಕಟ್ತೀನಿ. ಮಡಕಶಿರಾದಾಗೂ ಒತ್ತಿದ್ದೆ. ಯಾಕೆ ಗೊತ್ತಾ? ನೀವು ಸ್ಟೀರಿಂಗ್ ಹಿಡ್ಕಂಡೇ ನಿದ್ದೆ ಹೋಗಿದ್ರಿ. ಕಾರು ಹುಣಸೆಮರದ ಕಡೆ ಹೋಯ್ತಿತ್ತು. ಒಂದು ಕೈಯಾಗೆ ತಿರುಗಿಸಿ, ಬ್ರೇಕು ಒತ್ತಿದೆ. ನೀವು ಕಣ್ಣು ಬಿಟ್ಟಾಗ ರೋಡು ಖಾಲಿ ಇತ್ತು. ಡ್ರೈವಿಂಗ್ ಮೇಷ್ಟ್ರು ನಿದ್ದೆ ಹೋದ ಅಂತ ಯಾರಿಗೆ ಹೇಳ್ಲಿ? ಸುಮ್ನಿದ್ದೆ. ನೀವು ಅದನ್ನೇ ಊರಿಗೆಲ್ಲ ಹೇಳಿ ನಗ್ಸಿದ್ರಿ."

ಕೊಟ್ಟೂರಪ್ಪನವರ ಕಿವಿ ಕೆಂಪಗಾಯಿತು. ಶಾಲು ತೆಗೆದು ಮಡಚಿ, ಕಿಟಕಿಯೊಳಗೆ ಕೈ ಹಾಕಿ ಹೆಂಡತಿಯ ತೊಡೆಯ ಮೇಲಿಟ್ಟರು. ಆಮೇಲೆ ಸುತ್ತಿಕೊಂಡು ಬಂದು ಎಡಗಡೆಯ ಬಾಗಿಲು ತೆರೆದು ಕೂತರು.

"ಕಾಲು ಮೇಲೆ ಮಡಚ್ಕಳಿ," ಎಂದರು ನಿರ್ಮಲಮ್ಮ.

"ಬ್ರೇಕು..."

"ಮಡಚ್ಕಳಿ."

ಮಂಡಿ ನೋವಿನ ಮನುಷ್ಯ ನರಳುತ್ತ ಚಕ್ಕಳಮಕ್ಕಳ ಹಾಕಿದರು. ವಿಜಯಕುಮಾರ ಮೆಲ್ಲಗೆ ಜಾರಿಕೊಳ್ಳಲು ನೋಡುತ್ತಿದ್ದ. "ಎಲ್ಲಿಗೋ? ಹಿಂದೆ ಹತ್ತು," ಎಂದರು ಅಕ್ಕ. "ನಂದು ಒಂದು ಸುತ್ತು ಆಗ್ಲಿ. ಆಮೇಲೆ ನಿನ್ ಸರದಿ. ಫಸ್ಟ್ ಗೇರ್‌ನಾಗೇ."

ನಿರ್ಮಲಮ್ಮ ಕನ್ನಡಿ ನೋಡಿದರು, ಇಂಡಿಕೇಟರ್ ಹಾಕಿದರು, ಬಲಗೈ ಚಾಚಿ ಸನ್ನೆ ತೋರಿಸಿದರು. ಕ್ಲಚ್ಚು ಬೆಣ್ಣೆಯ ಹಾಗೆ ಬಿಟ್ಟರು. ಕೊಟ್ಟೂರಪ್ಪ ಬೆಚ್ಚಿ ನೋಡಿದರು. ಇಷ್ಟು ನಯವಾಗಿ ಬಿಡುವುದನ್ನು ಈ ಹೆಂಗಸಿಗೆ ಯಾರೂ ಕಲಿಸಿರಲಿಲ್ಲ. ಎಡಗಡೆ ಕೂತು, ತಾವು ಗೇರು ಬದಲಿಸಿದಾಗಲೆಲ್ಲ ಆ ಇನ್ನೊಂದು ಕ್ಲಚ್ಚಿನ ಮೇಲೆ ಕಾಲಿಟ್ಟು ಇಷ್ಟು ವರ್ಷ ತಾನೇ ಕಲಿತಿದ್ದಳು ಎಂದು ಅವರಿಗೆ ಹೊಳೆದದ್ದು ಕಾರು ಬಜಾರಿಗೆ ತಿರುಗುವಾಗ.

ಬಸ್‌ಸ್ಟ್ಯಾಂಡ್ ಎದುರು ಆಟೋಗಳೂ ಷೇರ್ ಜೀಪುಗಳೂ ಗಿಜಿಗುಡುತ್ತಿದ್ದವು. ಒಂದು ಜೀಪಿನ ಡ್ರೈವರು ತಲೆ ಹೊರಗೆ ಹಾಕಿ ಕೈ ಮುಗಿದ. ಅವನೂ ಒಂದು ಕಾಲಕ್ಕೆ ಹಿಂದೂಪುರದಲ್ಲಿ ಕೊಟ್ಟೂರಪ್ಪನವರ ಹತ್ತಿರ ಕಲಿತವನು.

"ನಮಸ್ಕಾರಂ ಸಾರ್! ಏನ್ ಸಾರ್, ಹೊಸ ಸ್ಟೂಡೆಂಟಾ?"

ಸೀಟಿನ ಮೇಲೆ ಕಾಲು ಮಡಚಿ ಕೂತಿದ್ದ ಕೊಟ್ಟೂರಪ್ಪ ಹೆಂಡತಿಯನ್ನೊಮ್ಮೆ ನೋಡಿದರು.

"ಹೂಂ ಕಣಪ್ಪ. ನಾನೇ," ಎಂದರು.

ಅಷ್ಟರಲ್ಲಿ ಎದುರಿಗೆ ಒಂದು ಎಮ್ಮೆ ಅಡ್ಡ ಬಂತು. ಕೊಟ್ಟೂರಪ್ಪನವರ ಬಲಗಾಲು ತಾನಾಗಿಯೇ ಸೀಟಿನಿಂದ ಕೆಳಗಿಳಿಯಿತು.

"ಕಾಲು," ಎಂದರು ನಿರ್ಮಲಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ.

ಕೊಟ್ಟೂರಪ್ಪ ಕಾಲು ಎತ್ತಿಕೊಂಡರು.